ತೂಕ ಕಮ್ಮಿ ಅಂದ ಮಾತ್ರಕ್ಕೆ ಟಂಕಸಾಲೆ ತಪ್ಪಲ್ಲ

ಚಿಲ್ಲರೆ ವಿಚಾರ, ಕಂತು 7 (ಮೊದಲ ಪೋಸ್ಟ್)

ಮೊದಲನೇ ಫೋಟೋದಲ್ಲಿರೋ 5 ರೂಪಾಯಿ ನಾಣ್ಯಕ್ಕೆ ನಾನು 1,200 ರೂಪಾಯಿ ಕೊಟ್ಟಿದ್ದೀನಿ. ಹೌದು, ಬಿಕಾಂ ಓದೋಳೇ. ನಕ್ಕು ಮುಗಿಸ್ಕೊಳ್ಳಿ, ಆಮೇಲೆ ಮುಂದೆ ಓದಿ.

ದುಡ್ಡು ಮನೇದಲ್ಲ. ಪಕ್ಕದ ಬೀದಿ ಮಕ್ಕಳಿಗೆ ಟ್ಯೂಷನ್ ಹೇಳಿ ಎರಡು ತಿಂಗಳು ಕೂಡಿಟ್ಟಿದ್ದು. ಮಾರಿದವರು ಇದೇ ಆ್ಯಪ್‌ನಲ್ಲಿ ಸಿಕ್ಕವರು, ಹೆಸರು ಹೇಳಲ್ಲ. ಅವರ ಪೋಸ್ಟಲ್ಲಿ ಇದ್ದಿದ್ದು ಇಷ್ಟು: "ತೆಳು ಬಿಲ್ಲೆ ಎರರ್. ಇರಬೇಕಾದ ತೂಕ 9 ಗ್ರಾಂ, ಇರೋದು 8. ತಕ್ಕಡಿ ಫೋಟೋ ನೋಡಿ." ನೋಡಿದೆ. ಮನೆಗೆ ಬಂದ ಮೇಲೆ ನಾನೂ ತೂಗಿದೆ, 8.02 ಬಂತು. ಅಂದ್ರೆ ತೂಕದ ವಿಷಯದಲ್ಲಿ ಅವರು ಒಂದು ಚೂರೂ ಸುಳ್ಳು ಹೇಳಿಲ್ಲ. ಅದೇ ನೋಡಿ ಇದರಲ್ಲಿರೋ ಮಜಾ. ನಿಜವಾದ ಒಂದು ಅಂಕಿ ಇಟ್ಕೊಂಡು ಪೂರ್ತಿ ಸುಳ್ಳು ಮಾರಬಹುದು.

ಕಾಸ್ಟಿಂಗ್ ಪೇಪರಲ್ಲಿ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಅಂತ ಓದ್ತೀವಲ್ಲ, ನಾಣ್ಯಕ್ಕೂ ಅದೇ ಲೆಕ್ಕ. ಪ್ರತಿ ನಾಣ್ಯದ ತೂಕ ಸ್ವಲ್ಪ ಆಚೀಚೆ ಆಗಬಹುದು ಅಂತ ಸರ್ಕಾರವೇ ಒಂದು ಮಿತಿ ಕೊಟ್ಟಿರುತ್ತೆ, ಅದಕ್ಕೆ ರೆಮಿಡಿ ಅಂತಾರೆ. ಅದರೊಳಗೆ ಇದ್ರೆ ಎರರ್ ಅಲ್ಲವೇ ಅಲ್ಲ. ಅದನ್ನ ಮೀರಿದ್ರೆ ಏನೋ ಆಗಿದೆ ಅಂತಷ್ಟೇ ಗೊತ್ತಾಗುತ್ತೆ. ಟಂಕಸಾಲೆ ಒಳಗೆ ಆಯ್ತಾ, ಹೊರಗೆ ಬಂದ ಮೇಲೆ ಯಾರದ್ದೋ ಬಚ್ಚಲುಮನೇಲಿ ಆಯ್ತಾ ಅಂತ ತಕ್ಕಡಿ ಹೇಳಲ್ಲ.

(ಎರಡನೇ ಪೋಸ್ಟ್)

ಮೊದಲು ಸುಲಭದ್ದು ಮುಗಿಸ್ತೀನಿ. ನನ್ನ ಇನ್‌ಬಾಕ್ಸಿಗೆ ಬರೋ "ಅಕ್ಕಾ ಇದು ಲೈಟ್ ಇದೆ" ಫೋಟೋಗಳಲ್ಲಿ ಮುಕ್ಕಾಲು ಪಾಲು ಬೇರೆ ಸರಣಿ ನಾಣ್ಯಗಳು. ಹಳೇ ದಪ್ಪ 5 ರೂಪಾಯಿ ತಾಮ್ರ-ನಿಕ್ಕಲ್, 9 ಗ್ರಾಂ. 2011ರ ಸರಣಿಯ ಹಳದಿ 5 ರೂಪಾಯಿ ನಿಕ್ಕಲ್-ಹಿತ್ತಾಳೆ, 6 ಗ್ರಾಂ. 1992ರಿಂದ ಬಂದ ಸ್ಟೀಲ್ 1 ರೂಪಾಯಿ 4.85, 2011ರಿಂದ ಬಂದ ಚಿಕ್ಕದು 3.79. ಸರ್ಕಾರ ಲೋಹದ ಖರ್ಚು ಉಳಿಸೋಕೆ ಇಳಿಸಿದ ತೂಕವನ್ನ ನಾವು ಎರರ್ ಅಂತ ಕುಣಿದಾಡ್ತೀವಿ. ಇಸವಿ ನೋಡಿ, ಆ ಇಸವಿಗೆ ಎಷ್ಟು ತೂಕ ಇರಬೇಕು ನೋಡಿ, ಆಮೇಲೆ ತೂಗಿ.

ಇನ್ನೊಂದು ತಮಾಷೆ. 2011ರ ಸರಣಿಯ 2 ರೂಪಾಯಿ 4.85 ಗ್ರಾಂ, 25 ಮಿ.ಮೀ. ಹಳೇ ಸ್ಟೀಲ್ 1 ರೂಪಾಯಿ? ಅದೂ 4.85, 25 ಮಿ.ಮೀ., ಅದೇ ಸ್ಟೀಲು. ಹಳೇ 1 ರೂಪಾಯಿಗೆ ಅಂತ ಇದ್ದ ಬಿಲ್ಲೆ ಮೇಲೆ 2 ರೂಪಾಯಿ ಅಚ್ಚು ಬಿದ್ದಿದ್ರೂ ಯಾವ ತಕ್ಕಡಿಯೂ ಹಿಡಿಯೋಕಾಗಲ್ಲ. ಆದ್ರೆ 2011ರ ಸರಣಿಯ 1 ರೂಪಾಯಿ ಬಿಲ್ಲೆ ಮೇಲೆ 2 ರೂಪಾಯಿ ಅಚ್ಚು ಬಿದ್ರೆ ಕಣ್ಣಿಗೇ ಕಾಣುತ್ತೆ. ತೂಕ 3.79ರ ಹತ್ರ, ಸೈಜು ಚಿಕ್ಕದು, ಅಂಚಿನ ಅಕ್ಷರಗಳಿಗೆ ಜಾಗ ಸಾಲದೆ ಅರ್ಧ ಹೊರಗೆ ಹೋಗಿರುತ್ತೆ. ಅದು ನಿಜವಾದ ಎರರ್. ನನ್ನ ಹತ್ರ ಇಲ್ಲ, ಹೊಟ್ಟೆಕಿಚ್ಚಿದೆ.

(ಮೂರನೇ ಪೋಸ್ಟ್, ಇದನ್ನ ಸೇವ್ ಮಾಡ್ಕೊಳ್ಳಿ)

ಈಗ ನನ್ನ 1,200 ರೂಪಾಯಿ ಕಥೆ.

ಗೆಳತಿಯ ಅಪ್ಪ ಅಕ್ಕಸಾಲಿಗರು. ಅವರ ಅಂಗಡೀಲಿ 0.01 ಗ್ರಾಂ ತೋರಿಸೋ ತಕ್ಕಡಿ, ವರ್ನಿಯರ್ ಎರಡೂ ಇವೆ. ನಾಣ್ಯ ಕೈಲಿ ಹಿಡಿದು ನೋಡಿ, "ಯಾಕಮ್ಮ ಹೀಗೆ ಸವಕಲು ಬೆಲ್ಲದ ಥರ ಇದೆ" ಅಂದ್ರು. ನನಗೆ ಸಿಟ್ಟು ಬಂತು. ಅಂಕಲ್ ಮಾತಾಡದೆ ಫ್ಯಾನ್ ಆಫ್ ಮಾಡಿದ್ರು (ಫ್ಯಾನ್ ಗಾಳಿಗೆ ಕೊನೇ ಅಂಕಿ ಕುಣಿಯುತ್ತೆ, ನಿಮ್ಮನೇಲೂ ಇದನ್ನ ಮಾಡಿ), ತೂಗಿದ್ರು, 8.02.

ಆಮೇಲೆ ಒಂದು ಲೋಟ ನೀರು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನ ದಾರಕ್ಕೆ ಕಟ್ಟಿ ತಳ ತಾಗದ ಹಾಗೆ ನೀರೊಳಗೆ ಇಳಿಬಿಟ್ರು. 0.90 ತೋರಿಸ್ತು. 8.02 ಭಾಗಿಸು 0.90, ಸುಮಾರು 8.9. ತಾಮ್ರ-ನಿಕ್ಕಲ್‌ನ ಸಾಂದ್ರತೆ ಅಷ್ಟೇ. ಅಂದ್ರೆ ಲೋಹ ಸರಿ ಇದೆ, ಖೋಟಾ ನಾಣ್ಯ ಅಲ್ಲ. ನಾನು ಖುಷಿಯಲ್ಲಿ ಹಾರಿದೆ.

ಮುಂದಿನದು ವರ್ನಿಯರ್. ವ್ಯಾಸ 23 ಮಿ.ಮೀ. ಇರಬೇಕು. 22.8 ಬಂತು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಲೋಹದ ಪಟ್ಟಿಯನ್ನ ರೋಲರ್‌ನಲ್ಲಿ ಒತ್ತಿ ಬಿಲ್ಲೆ ಕತ್ತರಿಸ್ತಾರೆ. ರೋಲರ್ ಜಾಸ್ತಿ ಒತ್ತಿದ್ರೆ ಪಟ್ಟಿ ತೆಳ್ಳಗಾಗುತ್ತೆ, ಬಿಲ್ಲೆಯೂ ತೆಳು. ಆದ್ರೆ ಕತ್ತರಿಸೋ ಅಚ್ಚು ಅದೇ, ಹಾಗಾಗಿ ಅಗಲ ಕಮ್ಮಿಯಾಗಲ್ಲ. ಆಮೇಲೆ ಮುದ್ರೆ ಒತ್ತುವಾಗ ಬಿಲ್ಲೆ ಒಂದು ಉಂಗುರದೊಳಗೆ ಕೂತಿರುತ್ತೆ, ಅದು ಕಾಲರ್. ಅಂಚಿನ ಗೆರೆ ಬರೋದು ಅದರಿಂದ. ತೆಳು ಬಿಲ್ಲೆಗೆ ಮೇಲಿನ ಅಚ್ಚಿನ ಒತ್ತಡ ಪೂರ್ತಿ ಸಿಗಲ್ಲ, ಅದಕ್ಕೇ ಚಿತ್ರದ ಉಬ್ಬು ಭಾಗಗಳು ಮಂಕಾಗಿ, ಅರೆಬರೆ ಮೂಡಿರುತ್ತೆ. ಖಾಲಿ ಜಾಗದ ಮೈ ಮಾತ್ರ ಮಾಮೂಲಿ ಹಾಗೇ ನುಣುಪು.

ನನ್ನದರಲ್ಲಿ ಎಲ್ಲಾ ಉಲ್ಟಾ. ಅಕ್ಷರಗಳೆಲ್ಲ ಪೂರ್ತಿ ಇವೆ, ಆದ್ರೆ ಉಪವಾಸ ಇದ್ದವರ ಥರ ಸಣಕಲು. ಮೈ ಕಿತ್ತಳೆ ಸಿಪ್ಪೆ ಹಾಗೆ ತರಿತರಿ. ಅಂಚಿನ ಗೆರೆಗಳು ಕರಗಿ ಹೋಗಿವೆ. ಅಗಲವೂ ಕಮ್ಮಿ, ದಪ್ಪವೂ ಕಮ್ಮಿ, ಎಲ್ಲಾ ಕಡೆಯಿಂದ ಸಮವಾಗಿ ಯಾರೋ ನೆಕ್ಕಿದ ಹಾಗೆ. ಅಂಕಲ್ ಒಂದೇ ಪದ ಹೇಳಿದ್ರು. ಆಸಿಡ್.

ಕಾಲದಲ್ಲಿ ಸವೆದಿದ್ದೂ ಹೀಗಿರಲ್ಲ. ಸವೆತ ಎತ್ತರದ ಜಾಗದಿಂದ ಶುರುವಾಗುತ್ತೆ, ಮೊದಲು ಸಿಂಹದ ಮುಖ ಹೋಗುತ್ತೆ. ಆಸಿಡ್‌ಗೆ ಎತ್ತರ ತಗ್ಗು ಅಂತ ಭೇದ ಇಲ್ಲ.

ಕಚ್ಚಿದ ಹಾಗೆ ಅಂಚು ಹೋಗಿರೋ ಕ್ಲಿಪ್ ನಾಣ್ಯಗಳಿಗೂ ಒಂದು ಗುರುತಿದೆ. ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ರೆ ಮೊದಲೇ ಕತ್ತರಿಸಿದ ತೂತಿನ ಮೇಲೆ ಮತ್ತೆ ಪಂಚ್ ಬೀಳುತ್ತೆ, ಅದಕ್ಕೇ ಆ ಕಚ್ಚು ಬಿಲ್ಲಿನ ಹಾಗೆ ಬಾಗಿರುತ್ತೆ. ಅದರ ನೇರ ಎದುರಿನ ಅಂಚು ನೋಡಿ. ಅಂಚು ಉಬ್ಬಿಸೋ ಯಂತ್ರದಲ್ಲಿ ಈ ಕಡೆ ಲೋಹ ಇಲ್ಲ ಅಂದ್ರೆ ಆ ಕಡೆಗೂ ಒತ್ತಡ ಬೀಳಲ್ಲ, ಅಲ್ಲಿನ ಅಂಚು ಸಪ್ಪೆಯಾಗಿರುತ್ತೆ. ಇದಕ್ಕೆ ಬ್ಲೇಕ್ಸ್‌ಲಿ ಎಫೆಕ್ಟ್ ಅಂತಾರೆ. ಎದುರಿನ ಅಂಚು ಗಟ್ಟಿಮುಟ್ಟಾಗಿದ್ದು, ಕಚ್ಚಿನ ಮೇಲೆ ಅರದ ಗೆರೆ ಕಂಡ್ರೆ ಪರ್ಸ್ ವಾಪಸ್ ಒಳಗಿಡಿ. 10 ರೂಪಾಯಿಯ ನಡುವಿನ ಬಿಲ್ಲೆಯನ್ನ ಸುತ್ತಿಗೇಲಿ ಹೊಡೆದು ತೆಗೆದು "ಸೆಂಟರ್ ಮಿಸ್ಸಿಂಗ್" ಅಂತ ಮಾರೋರ ಬಗ್ಗೆ ಬೇರೆ ಕಂತೇ ಬರೀಬೇಕು.

(ನಾಲ್ಕನೇ ಪೋಸ್ಟ್)

ಇಷ್ಟೆಲ್ಲ ಬರೆದಿದ್ದು ನನ್ನ ಅಭಿಪ್ರಾಯ ಹೇಳೋಕೆ. ನಾಣ್ಯ ಮಾರೋ ಪೋಸ್ಟಲ್ಲಿ ತೂಕ, ವ್ಯಾಸ, ಅಂಚಿನ ಫೋಟೋ ಮೂರೂ ಇಲ್ಲ ಅಂದ್ರೆ ಅದಕ್ಕೆ "ಸೂಪರ್ ಬ್ರೋ" ಅಂತ ಕಾಮೆಂಟ್ ಹಾಕೋ ನಾವೂ ಆ ಮೋಸದಲ್ಲಿ ಪಾಲುದಾರರೇ. ಹೋದ ಕಂತಲ್ಲಿ ಒಬ್ಬರು ಬರೆದಿದ್ರು, "ಕೊಳ್ಳೋನೇ ನೋಡ್ಕೋಬೇಕು, ಹವ್ಯಾಸ ಅಂದ್ರೆ ಹೀಗೇ" ಅಂತ. ಒಪ್ಪಲ್ಲ ಸಾರ್. ಕೊಳ್ಳೋರಲ್ಲಿ ಅರ್ಧದಷ್ಟು ಜನ ಪಿಯುಸಿ ಹುಡುಗರು, ಜಾತ್ರೆಗೆ ಅಂತ ಕೊಟ್ಟ ದುಡ್ಡಲ್ಲಿ ತಗೊಳ್ಳೋರು. ಹಳೇ ನಾಣ್ಯ ಕೊಳ್ತೀವಿ ಅಂತ ತನ್ನ ಹೆಸರಲ್ಲಿ ಫೀಸು ಕೇಳೋರನ್ನ ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಕೊಡಬೇಕಾಯ್ತು ಅಂದ್ರೆ ಲೆಕ್ಕ ಹಾಕಿ. ಇನ್ನೊಂದು ವಿಷಯ. 2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯ ವಿರೂಪ ಆಗಿರಬಾರದು, ನಿಗದಿ ಮಾಡಿದ್ದಕ್ಕಿಂತ ತೂಕ ಕಳ್ಕೊಂಡಿರಬಾರದು, ಆಗ ಮಾತ್ರ ಅದು ಕಾನೂನಿನ ಪ್ರಕಾರ ಚಲಾವಣೆ. ಅಂದ್ರೆ ನನ್ನ 1,200 ರೂಪಾಯಿ ಮಾಲು ಅಂಗಡೀಲಿ 5 ರೂಪಾಯಿಗೂ ನಡೆಯೋದು ಡೌಟು.

ಈಗ ಹೇಳೋಕೆ ನಾಚಿಕೆ ಆಗೋ ಭಾಗ. ಅಂಕಲ್ ಆಸಿಡ್ ಅಂದ ಮಾರನೇ ದಿನ ಒಬ್ಬ ಹುಡುಗ ಮೆಸೇಜ್ ಮಾಡಿದ. ನನ್ನ ಹಳೇ ಸ್ಟೋರಿ ನೋಡಿದ್ನಂತೆ, 1,400 ಕೊಡ್ತೀನಿ ಅಂದ. ನಾನು "ಸರಿ, ವಿಳಾಸ ಕಳ್ಸು" ಅಂತ ಟೈಪ್ ಮಾಡಿದ್ದೆ. ತೂಕದ ಫೋಟೋ ಕೂಡ ಅಟ್ಯಾಚ್ ಮಾಡಿದ್ದೆ, 8.02, ಪಕ್ಕಾ ನಿಜ. ನನಗೆ ಮಾರಿದವರೂ ಇಷ್ಟೇ ತಾನೇ ಮಾಡಿದ್ದು? ಅವರಿಗೂ ಯಾರೋ ಹೀಗೇ ದಾಟಿಸಿರಬಹುದು. ಹತ್ತು ನಿಮಿಷ ಆ ಮೆಸೇಜ್ ನೋಡ್ತಾ ಕೂತಿದ್ದೆ. ಕಳಿಸ್ಲಿಲ್ಲ. ಅಳಿಸಿ, ಅಂಚಿನ ಫೋಟೋ ಹಾಕಿ, "ಇದು ಆಸಿಡ್ ಕಣೋ, ತಗೋಬೇಡ" ಅಂದೆ.

ಒಂದು ನಿಮಿಷದಲ್ಲಿ ರಿಪ್ಲೈ ಬಂತು: "ಪರ್ವಾಗಿಲ್ಲ ಅಕ್ಕಾ, 300ಕ್ಕೆ ಕೊಡ್ತೀರಾ? ಬೇರೆಯವರಿಗೆ ಗೊತ್ತಾಗಲ್ಲ."

ನಾಣ್ಯ ಇನ್ನೂ ನನ್ನ ಪೆನ್ಸಿಲ್ ಡಬ್ಬೀಲಿದೆ. ಕೊನೇ ಫೋಟೋ ಅದರ ಅಂಚು, ಜೂಮ್ ಮಾಡಿ ನೋಡಿ. ನಿಮ್ಮ ಹತ್ರ ತೂಕ ಕಮ್ಮಿ ಇರೋದು ಇದ್ರೆ ಇಸವಿ, ಗ್ರಾಂ, ಮಿ.ಮೀ. ಮೂರೂ ಕಾಮೆಂಟಲ್ಲಿ ಹಾಕಿ. ಮುಂದಿನ ವಾರ ಇಂಟರ್ನಲ್ಸ್ ಇದೆ, ಉತ್ತರ ತಡ ಆದ್ರೆ ಬೈಬೇಡಿ.

#ಚಿಲ್ಲರೆವಿಚಾರ #ಟಂಕಸಾಲೆ #ನಾಣ್ಯಹುಚ್ಚು