ಭೀಮೆಗಾದರೆ ಡಂಗುರ, ಸಮುದ್ರಕ್ಕೆ?

ಡಿಸೆಂಬರ್ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಯಿಂದ ಪ್ರವಾಸದ ಬಸ್ಸುಗಳು ಗೋಕರ್ಣ, ಮುರುಡೇಶ್ವರದ ಹಾದಿ ಹಿಡಿಯುತ್ತವೆ. ಶಿವರಾತ್ರಿಗೆ ಮತ್ತೊಂದು ಸರತಿ. ದೇವರ ದರ್ಶನ ಮುಗೀತೆಂದರೆ ಹುಡುಗರ ಕಣ್ಣು ದಂಡೆಯ ಬಂಡೆಗಳ ಮ್ಯಾಲೆ. ಗೋಕರ್ಣದ ಕುಡ್ಲೆಯಿಂದ ಓಂ ಬೀಚು, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ತನಕ ಗುಡ್ಡ-ಬಂಡೆ ದಾಟಿ ನಡೆಯುವ ದಾರಿ ಇದೆ. ಇಂಥ ಕಲ್ಲುದಂಡೆಯಲ್ಲಿ ಅಲೆ ಕೊರೆದ ಸಂದು, ಗವಿ ಕಂಡರೆ ಒಳಗೆ ಹೊಕ್ಕು ಫೋಟೋ ತೆಗೆಸಿಕೊಳ್ಳದೆ ಯಾರೂ ಬರುವುದಿಲ್ಲ.

ಗವಿ ನೋಡಲಿ, ಬ್ಯಾಡ ಅನ್ನೋರಿಲ್ಲ. ಆದರೆ ನೀರು ಯಾವಾಗ ಬರ್ತದ ಅಂತ ಕೇಳಿ ಒಳಗೆ ಹೋಗುವವರು ಎಷ್ಟು ಮಂದಿ?

ನಮ್ಮ ಮಂದಿಗೆ ನೀರಿನ ಭಯ ಗೊತ್ತಿಲ್ಲ ಅಂತಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನು ಅಫಜಲಪುರ, ಜೇವರ್ಗಿಯ ನದಿದಂಡೆಯವರು ಮರೆತಿಲ್ಲ. ಆದರೆ ಭೀಮೆ ಹೇಳಿ ಬರುತ್ತಾಳೆ. ಉಜನಿಯಲ್ಲಿ ನೀರು ಬಿಟ್ಟರೆ ಸೊನ್ನ ಬ್ಯಾರೇಜಿಗೆ ಸುದ್ದಿ ಬರ್ತದ, ಊರಾಗ ಡಂಗುರ ಸಾರ್ತಾರ. ಸಮುದ್ರಕ್ಕೆ ಡಂಗುರದವ ಇಲ್ಲ.

ಅಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಏರಲು ಆರು ತಾಸು, ಮೇಲೊಂದಿಷ್ಟು. ಮೊದಲ ತಾಸಿನಲ್ಲಿ ಏರಿದ್ದೇ ಕಾಣುವುದಿಲ್ಲ. ಮೂರನೆಯ, ನಾಲ್ಕನೆಯ ತಾಸಿನಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಎಷ್ಟೋ ಸಲ ಗವಿಯೊಳಗೆ ಮರಳು ಒಣಗಿರುವಾಗಲೇ ಹೊರಗೆ ಬಂಡೆಯ ಬುಡದ ದಾರಿ ಮುಚ್ಚಿರುತ್ತದೆ. ಗೋಡೆಗೆ ಸಿಂಪಿ ಅಂಟಿದ ಗೆರೆ ಎಲ್ಲಿತನಕ ಇದೆಯೋ ಅಲ್ಲಿತನಕ ನೀರು ಬರುವುದು ಖಾತ್ರಿ. ಈ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ತಡವಾಗುವುದೂ ಲೆಕ್ಕದ ಪ್ರಕಾರವೇ. ನಮ್ಮ ಬಸ್ಸುಗಳಿಗೆ ಆ ಲೆಕ್ಕವೂ ಇಲ್ಲ.

ಇನ್ನು ಮುಖ್ಯ ಸಂಗತಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಎರಡೂ ದೊಡ್ಡವು. ನೀರು ಬಹಳ ಹಿಂದೆ ಸರಿದು ಉಳಿದ ದಿನ ಮುಚ್ಚಿರುವ ಗವಿಯೂ ಬಾಯಿ ತೆರೆಯುತ್ತದೆ, ಬಾ ಅಂತ ಕರೀತದ. ಆಮೇಲೆ ಅಷ್ಟೇ ಜೋರಿನಿಂದ ತುಂಬುತ್ತದೆ. ಗಾಣಗಾಪುರದ ಸಂಗಮಕ್ಕೆ ಹುಣ್ಣಿಮೆ, ಅಮಾವಾಸ್ಯೆ ನೋಡಿ ಹೋಗುವ ಮಂದಿ ಗೋಕರ್ಣಕ್ಕೂ ಹಾಗೇ ಹೋಗುತ್ತಾರೆ. ಶಿವರಾತ್ರಿ ಬರುವುದೇ ಅಮಾವಾಸ್ಯೆಯ ಮುಂಚೆ.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಮುಳಬಾಗಿಲು ಕಡೆಯಿಂದ ಪ್ರವಾಸಕ್ಕೆ ಬಂದ 4 ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಅಲೆಯ ಸೆಳೆತ, ಗವಿಯ ಮಾತಲ್ಲ. ಆದರೂ ಸಮುದ್ರ ಕಾಣದ ಊರಿನ ಮಕ್ಕಳು, ನಮ್ಮ ಮಕ್ಕಳ ಹಾಂಗೇ.

ಏರಿಳಿತದ ವೇಳೆ ಮುಚ್ಚಿಟ್ಟ ಗುಟ್ಟೇನಲ್ಲ. ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಪಟ್ಟಿ ಅಚ್ಚುಹಾಕುತ್ತದೆ. ಸಾಗರ ಮಾಹಿತಿ ಸೇವಾ ಕೇಂದ್ರವೂ ತಿಳಿಸುತ್ತದೆ. ಆ ಕೇಂದ್ರ ಇರುವುದು, ತಮಾಷೆ ನೋಡ್ರಿ, ಸಮುದ್ರವೇ ಇಲ್ಲದ ನಮ್ಮ ಮಗ್ಗುಲ ಹೈದರಾಬಾದಿನಲ್ಲಿ! ದಂಡೆಯ ಮೀನುಗಾರರನ್ನು ಕೇಳಿದರೂ ಬಾಯಲ್ಲೇ ಹೇಳುತ್ತಾರೆ.

ಅಂಗಡಿ ಅಂಗಡಿಗೆ ಅಂಟಿಸುವ ಪ್ರವಾಸದ ಹ್ಯಾಂಡ್‌ಬಿಲ್ಲಿನಲ್ಲಿ ಚಹಾ, ನಾಷ್ಟಾ, ಊಟದ ವೇಳೆ ಎಲ್ಲ ಇರುತ್ತದೆ. ಗೋಕರ್ಣದಲ್ಲಿ ಆ ದಿನ ನೀರು ಏರುವ ವೇಳೆ ಇಂತಿಷ್ಟು ಎಂದು ಒಂದು ಸಾಲು ಸೇರಿಸಲು ಪ್ರೆಸ್ಸಿನವರು ಹೆಚ್ಚಿಗೆ ದುಡ್ಡು ಕೇಳುವುದಿಲ್ಲ.