ವೀಸಾ ಎಂಬ ಮೂಗುದಾರ

ಗೆಳತಿಯರೇ, ನಾನು ವರದಕ್ಷಿಣೆ ಕೊಡದೆ ಮದುವೆಯಾದವಳು. ಓದಲು ಜರ್ಮನಿಗೆ ಹೋಗಿದ್ದೆ, ವೀಸಾ ಮುಗಿಯುತ್ತ ಬಂದಿತ್ತು. ಕೈಹಿಡಿದವನು ಅಲ್ಲಿನ ಪ್ರಜೆ. ಮೊದಲ ಏಟು ಕೊಟ್ಟ ರಾತ್ರಿಯೇ ಅಂದ: “ಪೊಲೀಸರಿಗೆ ಹೇಳಿದರೆ ನಿನ್ನನ್ನು ಊರಿಗೆ ಅಟ್ಟಿಸುತ್ತೇನೆ.” ನಂಬಿದೆ. ಎರಡು ವರ್ಷ ಬಾಯಿ ಬಿಡಲಿಲ್ಲ.

ಅವನಿಗೆ ಈ ಧೈರ್ಯ ಕೊಟ್ಟದ್ದು ಕಾನೂನೇ. ಗಂಡನ ಜೊತೆ ಮೂರು ವರ್ಷ ಬಾಳಿದ ಮೇಲಷ್ಟೇ ಹೆಂಡತಿಗೆ ಸ್ವಂತ ವಾಸದ ಹಕ್ಕು. ಮೊದಲು ಎರಡೇ ವರ್ಷವಿತ್ತು; ಸುಳ್ಳು ಮದುವೆ ತಡೆಯಲೆಂದು 2011ರಲ್ಲಿ ಹೆಚ್ಚಿಸಿದರು! ಹೊಡೆತ ತಿನ್ನುವವಳಿಗೆ ಒಂದು ವರ್ಷವೆಂದರೆ ಎಷ್ಟು ದಿನ, ಎಷ್ಟು ರಾತ್ರಿ?

ಅದೇ ಕಾಯ್ದೆಯ 31ನೇ ಕಲಮಿನಲ್ಲಿ ಹಿಂಸೆಗೊಳಗಾದವಳಿಗೆ ವಿನಾಯಿತಿಯಿದೆ. ಅದನ್ನು ನನಗೆ ಹೇಳಿದ್ದು ಯಾವ ಕಚೇರಿಯೂ ಅಲ್ಲ, ಆಶ್ರಯಧಾಮದಲ್ಲಿದ್ದ ಟರ್ಕಿಯ ಹೆಂಗಸು. ಆದರೆ ಪುರಾವೆ ಕೊಡಬೇಕಾದವಳು ಹೊಡೆಸಿಕೊಂಡವಳೇ: ವೈದ್ಯರ ಚೀಟಿ, ದೂರಿನ ಪ್ರತಿ. ನನ್ನ ಬಳಿ ಇದ್ದದ್ದು ಒಂದೇ ಚೀಟಿ. ಅದರಲ್ಲಿ ‘ಮೆಟ್ಟಿಲಿಂದ ಬಿದ್ದೆ’ ಎಂದು ನಾನೇ ಬರೆಸಿದ್ದೆ.