ಸಂಚಾರಿ ಕ್ಯಾಂಟೀನ್: ಸಮವಸ್ತ್ರ ಯಾರ ರಕ್ಷಣೆಗೆ?

ಬೆಂಗಳೂರು: ವಿಶ್ವೇಶ್ವರಪುರದ ತಿಂಡಿ ಬೀದಿಯಿರಲಿ, ಹುಬ್ಬಳ್ಳಿಯ ದುರ್ಗದಬೈಲ್ ಇರಲಿ, ಸಂಜೆಯ ಹೊತ್ತು ಬಾಣಲೆಯ ಮುಂದೆ ನಿಂತವರ ಉಡುಪು ಹಲವೆಡೆ ಒಂದೇ ಬಗೆಯದು. ಅರ್ಧ ತೋಳಿನ ಟೀ ಶರ್ಟ್, ರಬ್ಬರ್ ಚಪ್ಪಲಿ, ಮೇಲೊಂದು ಏಪ್ರನ್. ವ್ಯಾನಿನೊಳಗೆ ಅಡುಗೆ ಮಾಡುವ ಸಂಚಾರಿ ಕ್ಯಾಂಟೀನ್‌ಗಳಲ್ಲೂ ಚಿತ್ರ ಬಹುಮಟ್ಟಿಗೆ ಇದೇ. ವ್ಯತ್ಯಾಸವೆಂದರೆ ಅಲ್ಲಿ ಟೀ ಶರ್ಟ್ ಮೇಲೆ ಕ್ಯಾಂಟೀನಿನ ಹೆಸರು ಅಚ್ಚಾಗಿರುತ್ತದೆ.

ಬೀದಿ ಬದಿಯ ಆಹಾರದ ಮೇಲೆ ಸರ್ಕಾರದ ನಿಗಾ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿರುವುದು ನಿಜ. ಗೋಬಿ ಮಂಚೂರಿ ಹಾಗೂ ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಅದೇ ಜೂನ್‌ನಲ್ಲಿ ಕಬಾಬ್ ಸರದಿ. 2025ರ ಫೆಬ್ರುವರಿಯಲ್ಲಿ ಇಡ್ಲಿ ಬೇಯಿಸಲು ಬಳಸುತ್ತಿದ್ದ ಪ್ಲಾಸ್ಟಿಕ್ ಹಾಳೆಗೂ ನಿರ್ಬಂಧ ಬಂತು. ಈ ಎಲ್ಲ ಕ್ರಮಗಳೂ ಗ್ರಾಹಕನ ತಟ್ಟೆಯನ್ನು ಕುರಿತವು. ತಟ್ಟೆಗೆ ಬಡಿಸುವವನ ಮೈ ಯಾರ ಗಮನಕ್ಕೂ ಬಂದಿಲ್ಲ.

ಉಡುಪಿನ ವಿಷಯದಲ್ಲಿ ಕಾನೂನು ಮೌನವಾಗಿದೆ ಎಂದಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಾವಳಿಯ ನಾಲ್ಕನೇ ಅನುಸೂಚಿಯಲ್ಲಿ ಶುಚಿಯಾದ ಉಡುಪು, ತಲೆಗವಸು, ಕೈಗವಸುಗಳ ಪ್ರಸ್ತಾಪವಿದೆ. ಸಡಿಲ ಆಭರಣ, ಕೃತಕ ಉಗುರು ಸಲ್ಲದು ಎಂದೂ ಅದು ಹೇಳುತ್ತದೆ. ಅಶುಚಿಯಾಗಿ ಆಹಾರ ತಯಾರಿಸಿದರೆ ಕಾಯ್ದೆಯ 56ನೇ ಕಲಮಿನಡಿ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಅಲ್ಲಿಯ ಕಾಳಜಿ ಕೂದಲು, ಬೆವರು, ಉಗುರಿನ ಕೊಳೆ ಆಹಾರಕ್ಕೆ ಬೀಳಬಾರದೆಂಬುದು. ಎಣ್ಣೆ ಸಿಡಿದರೆ ಅಡುಗೆಯವನಿಗೆ ಏನಾಗುತ್ತದೆ ಎಂಬುದು ಆ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ.

ಅದು ಕಾರ್ಮಿಕ ಕಾನೂನಿನ ಹೊಣೆ ಎನ್ನಬಹುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಯುವ ಸ್ಥಿತಿಗತಿಗಳ ಸಂಹಿತೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯ. ಸಂಚಾರಿ ಕ್ಯಾಂಟೀನಿನಲ್ಲಿ ದುಡಿಯುವವರು ಮೂವರೋ ನಾಲ್ವರೋ. ಹೀಗಾಗಿ ಬಟ್ಟೆಯ ಆಯ್ಕೆ ಮಾಲೀಕನ ಜೇಬಿಗೆ, ಇಲ್ಲವೇ ಪುಕ್ಕಟೆ ಏಪ್ರನ್ ಹಂಚುವ ಜಾಹೀರಾತು ಕಂಪನಿಗಳ ಔದಾರ್ಯಕ್ಕೆ ಬಿಟ್ಟ ಸಂಗತಿಯಾಗಿದೆ.

ತೊಡಕಿರುವುದು ಇಲ್ಲಿಯೇ. ಅಗ್ಗದ ಟೀ ಶರ್ಟ್, ಏಪ್ರನ್‌ಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಅಥವಾ ಅದರ ಮಿಶ್ರಣದವು. ಅಚ್ಚು ಚೆನ್ನಾಗಿ ಕೂರುತ್ತದೆ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ಆದರೆ ಅದು ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ. ಗ್ಯಾಸ್ ಒಲೆಯ ಜ್ವಾಲೆಯ ತಾಪ ಸಾವಿರ ಡಿಗ್ರಿಗೂ ಮಿಗಿಲು. ಕರಗಿದ ಬಟ್ಟೆ ಚರ್ಮಕ್ಕೆ ಅಂಟಿಕೊಂಡು ಸುಟ್ಟ ಗಾಯವನ್ನು ಇನ್ನಷ್ಟು ಆಳಕ್ಕಿಳಿಸುತ್ತದೆ. ಹತ್ತಿಯೂ ಉರಿಯುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಅದು ಕರಿಕಾಗುತ್ತದೆಯೇ ಹೊರತು ಕರಗಿ ಅಂಟುವುದಿಲ್ಲ. ದಪ್ಪ ನೇಯ್ಗೆಯದಾದರೆ ಎಣ್ಣೆಯ ಹನಿ ಒಳಗಿಳಿಯುವ ಮೊದಲು ಬಟ್ಟೆಯನ್ನು ಮೈಯಿಂದ ಎಳೆಯಲು ಕ್ಷಣಕಾಲ ಸಿಗುತ್ತದೆ.

ಕೈಗವಸಿನ ಕಥೆ ಇನ್ನೂ ವಿಚಿತ್ರ. ಶುಚಿತ್ವದ ಹೆಸರಿನಲ್ಲಿ ತೊಡುವ ತೆಳು ಪಾಲಿಥೀನ್ ಕೈಗವಸು 110ರಿಂದ 130 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಕರಿಯುವ ಎಣ್ಣೆಯ ಬಿಸಿ 170ರಿಂದ 190 ಡಿಗ್ರಿ. ಸೊಪ್ಪು ಹೆಚ್ಚುವವನಿಗೆ, ಪಾನಿಪೂರಿ ಕೊಡುವವನಿಗೆ ಅದು ಸರಿ. ಬಾಣಲೆಯ ಮುಂದೆ ನಿಂತವನಿಗೆ ಅದನ್ನು ತೊಡಿಸುವುದು ಅಪಾಯವನ್ನು ತೊಡಿಸಿದಂತೆ. ಅದೇ ಕೈಗವಸಿನಲ್ಲಿ ಚಿಲ್ಲರೆ ಎಣಿಸುವ ದೃಶ್ಯ ಯುಪಿಐ ಬಂದ ಮೇಲೆ ಕೊಂಚ ಕಡಿಮೆಯಾಗಿದೆ ಎಂಬುದಷ್ಟೇ ಸಮಾಧಾನ.

ದೊಡ್ಡ ಹೋಟೆಲ್‌ಗಳ ಬಾಣಸಿಗರ ಬಿಳಿ ಕೋಟು ಠೀವಿಗಾಗಿ ಎಂದು ಭಾವಿಸುವವರಿದ್ದಾರೆ. ಎದೆಯ ಮೇಲೆ ಎರಡು ಪದರವಾಗಿ ಬರುವ ಅದರ ಹೊಲಿಗೆ ಬಿಸಿಯನ್ನು ತಡೆಯುತ್ತದೆ. ಒಂದು ಬದಿ ಕೊಳೆಯಾದರೆ ಮಗುಚಿ ಹಾಕಿಕೊಳ್ಳಬಹುದು. ಉದ್ದ ತೋಳು ಮುಂಗೈ ಕಾಯುತ್ತದೆ. ಸಂಚಾರಿ ಕ್ಯಾಂಟೀನಿಗೆ ಇದೇ ಕೋಟು ಬೇಕೆಂದಿಲ್ಲ. ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಬಿಸಿಲು ದಾಖಲಾಗಿತ್ತು. ಕಲಬುರಗಿ, ರಾಯಚೂರಿನ ಬೇಸಿಗೆ ಇದಕ್ಕೂ ಕಠಿಣ. ತಗಡಿನ ವ್ಯಾನಿನೊಳಗೆ, ಎರಡು ಒಲೆಗಳ ನಡುವೆ, ಎರಡು ಪದರದ ಕೋಟು ತೊಡಿಸಿದರೆ ಆತ ಅರ್ಧ ತಾಸಿನಲ್ಲಿ ಬಿಚ್ಚಿ ಎಸೆಯುತ್ತಾನೆ. ಮುಕ್ಕಾಲು ತೋಳಿನ, ಮೈಗೆ ಹಿತವಾಗಿ ಕೂರುವ ಹತ್ತಿ ಅಂಗಿ, ಮೊಣಕಾಲಿನ ಕೆಳಗೆ ಇಳಿಯುವ ದಪ್ಪ ಹತ್ತಿಯ ಏಪ್ರನ್ ಅಲ್ಲಿಗೆ ಒಪ್ಪುವ ರಾಜಿ. ಅಂಗಿಗೆ ಟಿಚ್ ಬಟನ್ ಇದ್ದರೆ ಎಣ್ಣೆ ಚೆಲ್ಲಿದಾಗ ಒಂದೇ ಎಳೆತಕ್ಕೆ ಬಿಚ್ಚಬಹುದು. ಸೀರೆ ಉಟ್ಟು ದುಡಿಯುವ ಮಹಿಳೆಯರಿಗೆ ಸೆರಗು ಒಳಗಿಟ್ಟು ಮೇಲೆ ತೊಡುವ ಹತ್ತಿಯ ಮೇಲಂಗಿ ಅಗತ್ಯ. ನೈಲಾನ್ ಸೆರಗು ಒಲೆಯ ಬಳಿ ಎಲ್ಲಕ್ಕಿಂತ ಅಪಾಯಕಾರಿ.

ಒಗೆಯುವುದು ಯಾರು ಎಂಬ ಪ್ರಶ್ನೆಯೂ ಇದೆ. ಬಟ್ಟೆ ಬದಲಿಸುವ ಕೋಣೆ, ಒಗೆಯುವ ನೀರು ವ್ಯಾನಿನಲ್ಲಿ ಇಲ್ಲ. ಒಂದೇ ಜೊತೆ ಕೊಟ್ಟು 'ದಿನವೂ ಶುಚಿಯಾಗಿ ಬಾ' ಎನ್ನುವುದು ನಡೆಯುವ ಮಾತಲ್ಲ. ತಲೆಗೆ ಮೂರು ಜೊತೆಯಾದರೂ ಬೇಕು. ಬೀದಿ ವ್ಯಾಪಾರಿಗಳ ಪಿಎಂ ಸ್ವನಿಧಿ ಯೋಜನೆಯ ಮೊದಲ ಕಂತಿನ ಸಾಲವನ್ನು ಕೇಂದ್ರ 2025ರಲ್ಲಿ 10 ಸಾವಿರದಿಂದ 15 ಸಾವಿರ ರೂಪಾಯಿಗೆ ಏರಿಸಿತು. ಸಾಲ ತಂದವನು ಮೊದಲು ಸಿಲಿಂಡರ್, ಎಣ್ಣೆ, ದಿನಸಿಗೆ ಕೈ ಹಾಕುವುದು ಸಹಜ. ಬಟ್ಟೆಯ ಸರದಿ ಕೊನೆಗೆ.

ಪಾದಗಳಿಗೆ ಆ ಸರದಿಯೂ ಇಲ್ಲ. ವ್ಯಾನಿನ ತಗಡಿನ ನೆಲದ ಮೇಲೆ ಎಣ್ಣೆ, ನೀರು ಬೆರೆತಾಗ ಸವೆದ ಚಪ್ಪಲಿ ಜಾರುತ್ತದೆ. ಜಾರಿದವನು ಆಸರೆಗೆ ಕೈ ಚಾಚಿದರೆ ಸಿಗುವುದು ಬಾಣಲೆಯ ಹಿಡಿ. ಮುಂಭಾಗ ಮುಚ್ಚಿದ, ಹಿಡಿತವುಳ್ಳ ಅಡಿಯ ಒಂದು ಜೊತೆ ಷೂ ಅದನ್ನು ತಪ್ಪಿಸೀತು. ಆದರೆ ಕೌಂಟರಿನ ಈಚೆ ನಿಂತ ಗ್ರಾಹಕನಿಗೆ ಒಳಗಿನವರ ಟೊಪ್ಪಿ, ಏಪ್ರನ್ ಕಾಣುತ್ತವೆ, ಪಾದ ಕಾಣುವುದಿಲ್ಲ.